ಒದ್ದೆಯಾದದ್ದು ಮೇಲೆ ಇರಲಿ

ಮಳೆಗಾಲ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಹೆಚ್ಚಾಗುತ್ತದೆ. ‘ಲ್ಯಾಪ್‌ಟಾಪ್ ಮಾರಾಟಕ್ಕಿದೆ. ಎರಡು ವರ್ಷ ಹಳೆಯದು. ಒಳ್ಳೆ ಕಂಡೀಷನ್. ಅರ್ಜೆಂಟ್.’ ಕೆಳಗೆ ನಾಲ್ಕು ಫೋಟೊ, ಒಂದು ಬೆಲೆ. ಯಾಕೆ ಅರ್ಜೆಂಟ್ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೆಲವು ಸಲ ನಿಜ ಹೊರಗೆ ಬರುತ್ತದೆ. ಬಸ್ಸಿನಲ್ಲಿ ನಿಂತು ಬರುವಾಗ ಬ್ಯಾಗಿನೊಳಗೆ ನೀರಿನ ಬಾಟಲಿ ಸೋರಿತ್ತು. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿತ್ತು. ರಾತ್ರಿ ಹೆಂಚಿನ ಸಂದಿಯಿಂದ ಮೇಜಿನ ಮೇಲೆ ಹನಿ ಬಿದ್ದಿತ್ತು. ರಿಪೇರಿಯವರು ಒಣಗಿಸಿ ಕೊಟ್ಟಿದ್ದಾರೆ, ಈಗ ಆನ್ ಆಗುತ್ತಿದೆ. ಆನ್ ಆಗುತ್ತಿರುವಾಗಲೇ ಮಾರಿಬಿಡಬೇಕು. ಅರ್ಜೆಂಟ್ ಎಂಬ ಪದದ ಅರ್ಥ ಅಷ್ಟೇ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀರು ಬಿದ್ದ ಲ್ಯಾಪ್‌ಟಾಪ್ ಮಾರುವುದು ತಪ್ಪಲ್ಲ. ನೀರು ಬಿದ್ದಿದೆ ಎಂದು ಹೇಳದೆ ಮಾರುವುದು ತಪ್ಪು. ಕೇಳಿದವರಿಗೆ ಮಾತ್ರ ಹೇಳುತ್ತೇನೆ ಎನ್ನುವುದೂ ಸಾಲದು, ಕೇಳದಿದ್ದರೂ ಹೇಳಬೇಕು. ಇದು ಸಣ್ಣ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ವಾಣಿಜ್ಯ ವಿಭಾಗದಲ್ಲಿ ಕುಳಿತು ವ್ಯಾಪಾರದ ಪಾಠ ಕಲಿಯುತ್ತಿರುವ ನಮಗೆ ಜೀವನದ ಮೊದಲ ವ್ಯಾಪಾರ ಹೆಚ್ಚಾಗಿ ಇಂಥದ್ದೇ ಆಗಿರುತ್ತದೆ: ಒಂದು ಹಳೆಯ ಮೊಬೈಲು, ಒಂದು ಸೈಕಲ್ಲು, ಒಂದು ಲ್ಯಾಪ್‌ಟಾಪು. ಅಲ್ಲಿ ಕಲಿತ ಅಭ್ಯಾಸ ಮುಂದೆ ಅಂಗಡಿ ಹಾಕಿದಾಗಲೂ ಕೈಬಿಡುವುದಿಲ್ಲ.

ಮೊದಲು ನೀರು ಏನು ಮಾಡುತ್ತದೆ ಎಂದು ತಿಳಿದುಕೊಳ್ಳೋಣ. ನೀರು ಆರಿದ ಕೂಡಲೇ ತೊಂದರೆ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ನಲ್ಲಿ ನೀರಿನಲ್ಲಿ ಲವಣಾಂಶ ಇರುತ್ತದೆ, ಚಹಾದಲ್ಲಿ ಹಾಲು, ಸಕ್ಕರೆ ಇರುತ್ತವೆ. ನೀರು ಆರಿದರೂ ಇವು ಮದರ್‌ಬೋರ್ಡಿನ ಮೇಲೆ ಉಳಿಯುತ್ತವೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಬ್ಯಾಟರಿ ಒಳಗೇ ಇರುವುದರಿಂದ ಸ್ವಿಚ್ ಆಫ್ ಮಾಡಿದ್ದರೂ ಬೋರ್ಡಿನ ಕೆಲವು ಭಾಗಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ತೇವ, ಲವಣ, ವಿದ್ಯುತ್ ಮೂರೂ ಸೇರಿದರೆ ಸಣ್ಣ ಸಣ್ಣ ತಾಮ್ರದ ಗೆರೆಗಳು ನಿಧಾನವಾಗಿ ತುಕ್ಕು ತಿನ್ನುತ್ತವೆ, ಹಸಿರು ಬಣ್ಣಕ್ಕೆ ತಿರುಗುತ್ತವೆ. ಒಂದು ದಿನ ಎರಡು ಕೀ ಕೆಲಸ ಮಾಡುವುದಿಲ್ಲ. ಇನ್ನೊಂದು ದಿನ ಚಾರ್ಜ್ ಹಿಡಿಯುವುದಿಲ್ಲ. ಮತ್ತೊಂದು ದಿನ ಆನೇ ಆಗುವುದಿಲ್ಲ. ಇದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಲಿಥಿಯಂ ಬ್ಯಾಟರಿಗೆ ನೀರು ಹೋಗಿದ್ದರೆ ಅದು ಉಬ್ಬಿಕೊಳ್ಳುವ, ಬೆಂಕಿ ಹಿಡಿಯುವ ಅಪಾಯವೂ ಇದೆ. ಕಂಪನಿಗಳ ಸಾಮಾನ್ಯ ವಾರಂಟಿ ನೀರಿನಿಂದಾದ ಹಾನಿಗೆ ಅನ್ವಯಿಸುವುದಿಲ್ಲ. ಆಕಸ್ಮಿಕ ಹಾನಿಗೆ ಬೇರೆ ಹಣ ಕೊಟ್ಟು ರಕ್ಷಣೆ ಪಡೆದಿರಬೇಕು.

ಅಂದರೆ ನೀರು ಬಿದ್ದ ಲ್ಯಾಪ್‌ಟಾಪ್ ಇವತ್ತು ಚೆನ್ನಾಗಿ ಓಡುತ್ತಿದೆ ಎಂಬ ಮಾತಿಗೆ ಬೆಲೆ ಕಡಿಮೆ. ಮಾರುವವನಿಗೆ ಅದರ ಹಿಂದಿನ ಕತೆ ಗೊತ್ತು. ಕೊಳ್ಳುವವನಿಗೆ ಗೊತ್ತಿಲ್ಲ. ಎಷ್ಟೇ ಜಾಣನಾದರೂ ಹೊರಗಿನಿಂದ ನೋಡಿ ಕಂಡುಹಿಡಿಯಲು ಅವನಿಗೆ ಆಗುವುದಿಲ್ಲ.

ನನಗೆ ಪರಿಚಯದ ಒಬ್ಬ ವಿದ್ಯಾರ್ಥಿನಿ ಆನ್‌ಲೈನ್ ಕೋಚಿಂಗ್ ಸಲುವಾಗಿ ಹಳೆಯ ಲ್ಯಾಪ್‌ಟಾಪ್ ಕೊಂಡಳು. ಹಣ ಅವಳ ಅಮ್ಮ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲ. ಐದು ವಾರಕ್ಕೆ ಲ್ಯಾಪ್‌ಟಾಪ್ ನಿಂತುಹೋಯಿತು. ರಿಪೇರಿಯವರು ಹಿಂಬದಿ ಮುಚ್ಚಳ ತೆಗೆದು ತೋರಿಸಿದಾಗ ಸ್ಕ್ರೂಗಳ ಸುತ್ತ ಬಿಳಿ ಪುಡಿ, ಬೋರ್ಡಿನ ಮೇಲೆ ಹಸಿರು. ಮಾರಿದವರಿಗೆ ಫೋನ್ ಮಾಡಿದರೆ ಬಂದ ಉತ್ತರ, ‘ನಾನು ಕೊಟ್ಟಾಗ ಚೆನ್ನಾಗಿತ್ತಲ್ಲ.’ ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಅದು ಮೋಸವೇ. ಲ್ಯಾಪ್‌ಟಾಪ್ ನಿಂತರೂ ಸಂಘದ ವಾರದ ಕಂತು ನಿಲ್ಲಲಿಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹೊರಗಿನವರು ಬಂದು ಪಾಠ ಹೇಳಬೇಕಾಗಿಲ್ಲ. ನಮ್ಮ ಮಾರುಕಟ್ಟೆಗಳಲ್ಲಿ ಮೊದಲ ಪ್ರಶ್ನೆಯೇ ತೇವದ್ದು. ಚನ್ನರಾಯಪಟ್ಟಣದ ಕಡೆಯ ಗೆಳೆಯರನ್ನು ಕೇಳಿ, ಕೊಬ್ಬರಿ ಖರೀದಿ ಕೇಂದ್ರದಲ್ಲಿ ಹಸಿ ಇರುವ ಕೊಬ್ಬರಿಯನ್ನು ಒಪ್ಪುತ್ತಾರೆಯೇ? ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಒದ್ದೆಯಾದ ಬೇಲಿಗೆ ಯಾವ ಬೆಲೆ ಸಿಗುತ್ತದೆ ಎಂದು ಬೆಳೆಗಾರರ ಮಕ್ಕಳಿಗೆ ಗೊತ್ತು. ಹೊಳೆನರಸೀಪುರದ ಕಡೆ ಭತ್ತ ಕೊಳ್ಳುವವರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಹಾಸನದ ಎಪಿಎಂಸಿಗೆ ಪಂಜಾಬಿನಿಂದ ಬರುವ ಬಿತ್ತನೆ ಆಲೂಗಡ್ಡೆ ಕೊಳ್ಳುವ ರೈತ ಮೂಟೆಯ ಬಾಯಿ ಬಿಚ್ಚಿ, ಕೈ ಹಾಕಿ, ಅಡಿಯಿಂದ ಒಂದು ಗೆಡ್ಡೆ ತೆಗೆದು ಕೊಯ್ದು ನೋಡುತ್ತಾನೆ. ಒಂದು ಕೊಳೆತ ಗೆಡ್ಡೆ ಇಡೀ ಮೂಟೆಯನ್ನು ಕೆಡಿಸುತ್ತದೆ ಎಂದು ಅವನಿಗೆ ಗೊತ್ತು.

ಬೂಕನಬೆಟ್ಟದ ದನಗಳ ಜಾತ್ರೆಯಲ್ಲೂ ಹಾಗೆಯೇ. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಮುಚ್ಚುವುದು ಬೆಲೆಯನ್ನು, ಎತ್ತನ್ನಲ್ಲ. ಲ್ಯಾಪ್‌ಟಾಪಿಗೆ ಎಣಿಸಲು ಹಲ್ಲಿಲ್ಲ, ಕಚ್ಚಿ ನೋಡಲು ಕಾಳಿಲ್ಲ. ಮಾರುವವನ ಮಾತೊಂದೇ ಕೊಳ್ಳುವವನಿಗೆ ಆಧಾರ. ಆದ್ದರಿಂದಲೇ ಇಲ್ಲಿ ಮಾತಿನ ಭಾರ ಹೆಚ್ಚು.

ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಆದರೆ ಪೂರ್ತಿ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂನಲ್ಲಿರುವ ಸಾಮಾನ್ಯ ನಿಯಮ, ಕೊಳ್ಳುವವನೇ ಎಚ್ಚರ ವಹಿಸಬೇಕು ಎಂಬುದು. ಅದಕ್ಕೆ ಕೆಲವು ವಿನಾಯಿತಿಗಳಿವೆ, ಆದರೆ ಅವು ಹೆಚ್ಚಾಗಿ ಅದೇ ವ್ಯಾಪಾರ ಮಾಡುವವರಿಗೆ ಸಂಬಂಧಿಸಿದವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಗಡಿಯಿಂದ ಕೊಂಡವರಿಗೆ ನಿಜವಾಗಿಯೂ ಸಹಾಯಕ್ಕೆ ಬರುತ್ತದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 1915ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಆದರೆ ತನ್ನ ಹಳೆಯ ಲ್ಯಾಪ್‌ಟಾಪನ್ನು ಒಮ್ಮೆ ಮಾರುವ ವಿದ್ಯಾರ್ಥಿ ವ್ಯಾಪಾರಿಯಲ್ಲ. ಅಲ್ಲಿ ಈ ದಾರಿ ಸುಲಭವಾಗಿ ತೆರೆಯುವುದಿಲ್ಲ.

1872ರ ಕರಾರು ಕಾಯ್ದೆ ಇನ್ನೂ ಸ್ವಾರಸ್ಯಕರ. ಅದರ 17ನೇ ಕಲಂ ಮೋಸ ಎಂದರೇನು ಎಂದು ವಿವರಿಸುತ್ತದೆ. ಗೊತ್ತಿರುವ ದೋಷವನ್ನು ಬೇಕೆಂದೇ ಮರೆಮಾಚಿದರೆ ಅದು ಮೋಸ. ಆದರೆ ಬರೀ ಸುಮ್ಮನಿದ್ದರೆ ಸಾಮಾನ್ಯವಾಗಿ ಮೋಸವಲ್ಲ. ಅಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ಮೋಸವಾಗುವುದಿಲ್ಲ. ಆದರೆ ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ವಯಸ್ಸಿಗೆ ಬಂದವಳಾಗಿದ್ದರೆ, ಆ ಸಂಬಂಧದಿಂದಲೇ ಹೇಳುವ ಕರ್ತವ್ಯ ಬರುತ್ತದೆ. ಕೊಳ್ಳುವವನು, ‘ನೀವು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ’ ಎಂದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಇನ್ನೊಂದು ವಿಷಯವಿದೆ. ನಮ್ಮಲ್ಲಿ ಬಹಳ ಜನರಿಗೆ 18 ತುಂಬಿಲ್ಲ. 1903ರಲ್ಲಿ ಮೊಹೋರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪಿನಿಂದ ಇವತ್ತಿನವರೆಗೂ ಅಪ್ರಾಪ್ತರು ಮಾಡಿಕೊಂಡ ಕರಾರು ಅನೂರ್ಜಿತ. ಹಾಗಾಗಿ ಕಾಲೇಜಿನ ಕಾರಿಡಾರಿನಲ್ಲಿ ನಡೆಯುವ ನಮ್ಮ ವ್ಯಾಪಾರಕ್ಕೆ ಕಾನೂನಿನ ಬೆಂಬಲ ಬಹಳ ಕಡಿಮೆ. ಕೋರ್ಟಿಗೆ ಹೋಗುವ ವ್ಯಾಪಾರ ಅದಲ್ಲ. ನಮ್ಮ ನಡುವೆ ಇರುವುದು ನಂಬಿಕೆ ಮಾತ್ರ. ಮಗಳಿಗೆ ಹೇಳಬೇಕಾದ ಕರ್ತವ್ಯವಿದೆ ಎಂದು 1872ರ ಕಾಯ್ದೆಯೇ ಒಪ್ಪುವುದಾದರೆ, ಒಂದೇ ಬೆಂಚಿನಲ್ಲಿ ಕುಳಿತು ಓದುವ ಗೆಳೆಯನಿಗೆ ಹೇಳುವ ಕರ್ತವ್ಯ ಇಲ್ಲವೇ?

ನಮ್ಮ ಪಠ್ಯಪುಸ್ತಕವೂ ಇದನ್ನೇ ಹೇಳುತ್ತದೆ. ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಫುಲ್ ಡಿಸ್‌ಕ್ಲೋಷರ್ ಎಂಬ ಪರಿಕಲ್ಪನೆ ಬರುತ್ತದೆ. ಲೆಕ್ಕಪತ್ರ ಓದುವವನು ತೀರ್ಮಾನಕ್ಕೆ ಬರಲು ಬೇಕಾದ ಮುಖ್ಯ ಸಂಗತಿಯನ್ನು ಮುಚ್ಚಿಡಬಾರದು, ಪೂರ್ತಿ ತೋರಿಸಬೇಕು ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ನಾವು ಸಂಜೆ ವಾಟ್ಸಾಪಿನಲ್ಲಿ ‘ಒಳ್ಳೆ ಕಂಡೀಷನ್’ ಎಂದು ಹಾಕಿದರೆ ಆ ಪಾಠ ಕಲಿತೆವು ಎನ್ನಲಾಗದು.

ಕನ್ನಡದಲ್ಲಿ ದೋಷಕ್ಕೆ ಐಬು ಎನ್ನುತ್ತೇವೆ. ನಮ್ಮ ಮನೆಯ ಉರ್ದುವಿನಲ್ಲಿ ಅದೇ ಪದ ಐಬ್. ಎರಡಕ್ಕೂ ಮೂಲ ಅರಬ್ಬಿ. ಇಸ್ಲಾಮಿನ ವ್ಯಾಪಾರ ನಿಯಮಗಳಲ್ಲಿ ಈ ಪದದ ಹೆಸರಿನಲ್ಲೇ ಒಂದು ಹಕ್ಕು ಇದೆ, ಖಿಯಾರುಲ್ ಐಬ್. ಕೊಂಡ ವಸ್ತುವಿನಲ್ಲಿ ತನಗೆ ತಿಳಿಸದ ಹಳೆಯ ಐಬು ಕಂಡುಬಂದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಇದೆ ಎಂಬುದು ಅದರ ಅರ್ಥ.

ಸಹೀಹ್ ಮುಸ್ಲಿಮ್‌ನಲ್ಲಿ ಬರುವ ಒಂದು ಘಟನೆಯನ್ನು ನಮ್ಮಲ್ಲಿ ಅನೇಕರು ಜುಮಾ ಪ್ರವಚನದಲ್ಲಿ ಕೇಳಿರುತ್ತಾರೆ. ಪ್ರವಾದಿ ಮುಹಮ್ಮದ್ (ಸ) ಅವರು ಧಾನ್ಯದ ರಾಶಿಯೊಂದರ ಬಳಿ ಹೋಗುವಾಗ ಅದರೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಗುಲಿತು. ಇದೇನು ಎಂದು ಕೇಳಿದರೆ ಮಾರುವವನು ಮಳೆಗೆ ನೆನೆಯಿತು ಎಂದ. ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಈ ಘಟನೆ ಹೇಳುವಾಗ ನಾವು ಕೊನೆಯ ಎಚ್ಚರಿಕೆಯನ್ನು ಮಾತ್ರ ನೆನಪಿಡುತ್ತೇವೆ. ಮಧ್ಯದ ಪ್ರಶ್ನೆಯನ್ನು ಗಮನಿಸಿ. ಒದ್ದೆ ಧಾನ್ಯ ಮಾರಬೇಡ ಎಂದು ಅವರು ಹೇಳಲಿಲ್ಲ. ಮಳೆ ಬಂದದ್ದು ಅವನ ತಪ್ಪು ಎಂದೂ ಹೇಳಲಿಲ್ಲ. ಮೇಲೆ ಇಡು ಎಂದರು. ಒದ್ದೆ ಧಾನ್ಯಕ್ಕೂ ಒಂದು ಬೆಲೆ ಇದೆ, ಅದನ್ನು ಕೊಳ್ಳುವವರೂ ಇದ್ದಾರೆ. ಅದು ಒದ್ದೆ ಎಂದು ತಿಳಿದೇ ಅವರು ಕೊಳ್ಳಬೇಕು, ಅಷ್ಟೇ.

ಇದಕ್ಕೆ ಬರುವ ಆಕ್ಷೇಪಗಳೂ ನನಗೆ ಗೊತ್ತು. ಮೊದಲನೆಯದು, ‘ಹೇಳಿದರೆ ಯಾರೂ ಕೊಳ್ಳುವುದಿಲ್ಲ. ನನ್ನ ಅಪ್ಪನೂ ಕಷ್ಟಪಟ್ಟು ತೆಗೆದುಕೊಟ್ಟ ಲ್ಯಾಪ್‌ಟಾಪ್ ಅದು. ನಷ್ಟ ನಾನೊಬ್ಬನೇ ಹೊರಬೇಕೇ?’ ಈ ಕಷ್ಟ ಸುಳ್ಳಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ರಾಮನಾಥಪುರದ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ಕಡೆ ನೀರಿನಲ್ಲಿ ಸಾಮಾನು ಕಳೆದುಕೊಂಡವರ ತಪ್ಪೇನಿದೆ? ಆದರೆ ಹೇಳದೆ ಮಾರಿದರೆ ಆ ನಷ್ಟ ಮಾಯವಾಗುವುದಿಲ್ಲ. ನನ್ನ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಶಕ್ತಿ ಇರುವವರು ಹಳೆಯದನ್ನು ಹುಡುಕುವುದಿಲ್ಲ. ಹಾಗಾಗಿ ಆ ನಷ್ಟ ಹೆಚ್ಚಾಗಿ ನಮಗಿಂತ ಬಡವರ ಮನೆಗೇ ಹೋಗುತ್ತದೆ.

ಹೇಳಿದರೆ ಕೊಳ್ಳುವವರು ಸಿಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಬೋರ್ಡ್ ಕೆಟ್ಟಿದ್ದರೂ ಸ್ಕ್ರೀನ್, ರ‍್ಯಾಮ್, ಎಸ್‌ಎಸ್‌ಡಿ, ಚಾರ್ಜರ್, ಬಾಡಿ ಚೆನ್ನಾಗಿರಬಹುದು. ಇವಕ್ಕೆ ರಿಪೇರಿ ಅಂಗಡಿಗಳಲ್ಲಿ ಬೇಡಿಕೆ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಂಪ್ಯೂಟರ್ ಭಾಗಗಳದ್ದೇ ದೊಡ್ಡ ವ್ಯಾಪಾರ ನಡೆಯುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಐಬಿಲ್ಲದಿದ್ದರೆ 18,000 ಬರುತ್ತಿದ್ದ ಲ್ಯಾಪ್‌ಟಾಪಿಗೆ ಹೇಳಿ ಮಾರಿದರೆ 7,000 ಬಂತು ಎಂದುಕೊಳ್ಳಿ. 11,000 ಹೋಯಿತು. ಅದು ನೀರು ಬಿದ್ದ ದಿನವೇ ಹೋಗಿತ್ತು. ಮುಚ್ಚಿಟ್ಟು ಪಡೆದರೆ ಆ 11,000 ಲಾಭವಲ್ಲ, ಇನ್ನೊಬ್ಬರ ಖಾತೆಯಿಂದ ತೆಗೆದದ್ದು.

ಎರಡನೆಯ ಆಕ್ಷೇಪ, ‘ನಾನು ಗೆಳೆಯರಿಗೆ ಮಾರುವುದಿಲ್ಲ, ಎಕ್ಸ್‌ಚೇಂಜ್‌ಗೆ ಕೊಡುತ್ತೇನೆ. ದೊಡ್ಡ ಕಂಪನಿ, ಅವರಿಗೇನು ನಷ್ಟ?’ ಎಕ್ಸ್‌ಚೇಂಜ್ ಮಾಡುವಾಗ ಕೆಲವು ಕಡೆ ನೀರು ಬಿದ್ದಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. ಇಲ್ಲ ಎಂದು ಟಿಕ್ ಮಾಡಿದರೆ ಅದು ಬರಹದಲ್ಲಿ ಹೇಳಿದ ಸುಳ್ಳು. ಅಲ್ಲದೆ ಆ ಲ್ಯಾಪ್‌ಟಾಪ್ ಕಂಪನಿಯಲ್ಲೇ ಉಳಿಯುವುದಿಲ್ಲ. ಒರೆಸಿ, ಪ್ಯಾಕ್ ಮಾಡಿ ಇನ್ನೊಂದು ಊರಿನ ವಿದ್ಯಾರ್ಥಿಗೆ ಮಾರಾಟವಾಗಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಮನೆ, ಕಚೇರಿಗಳಿಗೆ ನೀರು ನುಗ್ಗಿದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ಅಲ್ಲಿನ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ನಮ್ಮಂಥ ಊರುಗಳಲ್ಲೂ ಇದ್ದಾರೆ. ಅಲ್ಲಿಯವರು ಐಬು ಹೇಳಲಿ ಎಂದು ಬಯಸುವ ನಾವು ಇಲ್ಲಿಂದ ಕಳಿಸುವಾಗಲೂ ಹೇಳಬೇಕು.

ಕೊಳ್ಳುವವರಿಗೂ ಎರಡು ಮಾತು. ಮೊದಲು, ಕೇಳಿ. ‘ನೀರು, ಚಹಾ ಏನಾದರೂ ಬಿದ್ದಿತ್ತಾ? ಒಳಗೆ ಬಿಚ್ಚಿ ರಿಪೇರಿ ಮಾಡಿಸಿದ್ದೀರಾ? ಬೋರ್ಡ್ ಬದಲಾಗಿದೆಯಾ?’ ಎಂದು ಬಾಯಿ ಬಿಟ್ಟು ಕೇಳಿ, ಸಾಧ್ಯವಾದರೆ ಮೆಸೇಜಿನಲ್ಲೇ ಕೇಳಿ. ಕುದುರೆಯ ಉದಾಹರಣೆಯಲ್ಲಿ ಆದಂತೆ, ಕೇಳಿದ ಮೇಲೆ ಮೌನಕ್ಕೂ ಅರ್ಥ ಬರುತ್ತದೆ. ಎಲ್ಲ ಕೀಗಳನ್ನೂ ಒತ್ತಿ ನೋಡಿ, ಎಲ್ಲ ಯುಎಸ್‌ಬಿ ಪೋರ್ಟುಗಳನ್ನೂ ಬಳಸಿ ನೋಡಿ, ಚಾರ್ಜಿಗೆ ಹಾಕಿ ಅರ್ಧ ಗಂಟೆ ಓಡಿಸಿ. ಗೊತ್ತಿರುವವರಿಂದ ಹಿಂಬದಿ ತೆಗೆಸಿ ನೋಡಿದರೆ ಇನ್ನೂ ಒಳ್ಳೆಯದು. ಕೆಲವು ಮಾದರಿಗಳ ಒಳಗೆ ನೀರು ತಗುಲಿದರೆ ಕೆಂಪಾಗುವ ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ.

ಎರಡನೆಯ ಮಾತು ಇನ್ನೂ ಮುಖ್ಯ. ಯಾರಾದರೂ ತಾವಾಗಿ ಐಬು ಹೇಳಿದರೆ, ಅದನ್ನೇ ಹಿಡಿದು ಅವರನ್ನು ಹಿಂಡಬೇಡಿ. ‘ನೀರು ಬಿದ್ದದ್ದಾ? ಹಾಗಾದರೆ ಎರಡು ಸಾವಿರಕ್ಕೆ ಕೊಡಿ’ ಎನ್ನುವವರೇ ಮುಂದಿನ ಸಲ ಮಾರುವವರ ಬಾಯಿ ಮುಚ್ಚಿಸುವುದು. ನಿಜ ಹೇಳಿದವನಿಗೆ ನ್ಯಾಯದ ಬೆಲೆ ಸಿಗದ ಮಾರುಕಟ್ಟೆಯಲ್ಲಿ ನಿಜ ಹೇಳುವವರು ಉಳಿಯುವುದಿಲ್ಲ. ಮೋಸ ಒಂದು ಕೈಯಿಂದ ಮಾತ್ರ ಬೆಳೆಯುವುದಿಲ್ಲ.

ಮಾರುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ನೀರು ಬಿದ್ದ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಅಕ್ಕಿಯಲ್ಲಿ ಹೂತಿಟ್ಟು ಕಾಯಬೇಡಿ. ಅಕ್ಕಿ ಬೋರ್ಡಿನ ಮೇಲಿನ ಲವಣವನ್ನು ತೆಗೆಯುವುದಿಲ್ಲ. ಆದಷ್ಟು ಬೇಗ ರಿಪೇರಿಯವರ ಬಳಿ ಒಯ್ದು ಬ್ಯಾಟರಿ ಬಿಚ್ಚಿಸಿ, ಬೋರ್ಡ್ ಸ್ವಚ್ಛ ಮಾಡಿಸಿ, ಏನು ಮಾಡಿದರು ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಮಾರುವ ಮೊದಲು ನಿಮ್ಮ ಫೋಟೊ, ಪಾಸ್‌ವರ್ಡ್, ಆಧಾರ್ ಪ್ರತಿ ಇರುವ ಎಸ್‌ಎಸ್‌ಡಿಯನ್ನು ಖಾಲಿ ಮಾಡಿ ಅಥವಾ ತೆಗೆದಿಟ್ಟುಕೊಳ್ಳಿ. ಏನೂ ಪ್ರಯೋಜನಕ್ಕೆ ಬಾರದಿದ್ದರೆ, ಮುಖ್ಯವಾಗಿ ಬ್ಯಾಟರಿ ಉಬ್ಬಿದ್ದರೆ, ಗುಜರಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಸಂಸ್ಥೆಗೆ ಕೊಡಿ.

ಕೊನೆಯದಾಗಿ ನಮ್ಮ ಪ್ರಾಂಶುಪಾಲರಿಗೆ, ವಾಣಿಜ್ಯ ಸಂಘದ ಉಪನ್ಯಾಸಕರಿಗೆ ಒಂದು ಮನವಿ. ಗ್ರಂಥಾಲಯದ ಬಳಿಯ ಸೂಚನಾ ಫಲಕದಲ್ಲೂ ತರಗತಿಯ ವಾಟ್ಸಾಪ್ ಗುಂಪುಗಳಲ್ಲೂ ಹಳೆಯ ವಸ್ತು ಮಾರುವವರು ನಾಲ್ಕು ಸಾಲಿನ ಚೀಟಿ ಹಾಕಲೇಬೇಕು ಎಂಬ ನಿಯಮ ಮಾಡೋಣ. ವಸ್ತು ಯಾವುದು, ಎಷ್ಟು ಹಳೆಯದು. ನೀರು ಬಿದ್ದಿದೆಯೇ, ಕೆಳಗೆ ಬಿದ್ದಿದೆಯೇ. ಏನು ರಿಪೇರಿ ಆಗಿದೆ. ಈಗ ಯಾವುದು ಕೆಲಸ ಮಾಡುವುದಿಲ್ಲ. ಕೆಳಗೆ ಮಾರುವವರ ಸಹಿ. 18 ತುಂಬದವರಾದರೆ ಮನೆಯ ಹಿರಿಯರ ಸಹಿಯೂ ಇರಲಿ. ಚೀಟಿ ಇಲ್ಲದ ಜಾಹೀರಾತನ್ನು ಫಲಕದಿಂದ ತೆಗೆಯುವ ಕೆಲಸ ವಾಣಿಜ್ಯ ಸಂಘದ ನಾವು ವಿದ್ಯಾರ್ಥಿಗಳೇ ಮಾಡುತ್ತೇವೆ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ಜೆರಾಕ್ಸ್ ಸಾಕು.

ನಮ್ಮ ಕಾಲೇಜಿನವರು ಮಾರಿದ್ದು ಎಂದರೆ ಬಿಚ್ಚಿ ನೋಡುವ ಅಗತ್ಯವಿಲ್ಲ, ಐಬಿದ್ದರೆ ಅವರೇ ಹೇಳಿರುತ್ತಾರೆ ಎಂದು ಹಾಸನದ ಅಂಗಡಿಗಳಲ್ಲಿ ಜನ ಮಾತಾಡಿಕೊಳ್ಳುವ ದಿನ ಬಂದರೆ, ಅದು ಯಾವ ರ‍್ಯಾಂಕಿಗೂ ಕಡಿಮೆಯಲ್ಲ.